ಮದುವೆ ಇಲ್ಲ, ನೋಂದಣಿ ಉಂಟು!

ಮದುವೆಯಾಗದೆ ಒಂದೇ ಸೂರಿನಡಿ ಬಾಳುವ ಗಂಡು ಹೆಣ್ಣು ಸರಕಾರದ ಪುಸ್ತಕದಲ್ಲಿ ಹೆಸರು ಬರೆಸಬೇಕೆ? ಬರೆಸಿದರೆ ಸಿಗೋದೇನು? ಬರೆಸದಿದ್ದರೆ ಆಗೋದೇನು? ಉತ್ತರಾಖಂಡದಲ್ಲಿ ಎದ್ದಿರುವ ಈ ಪ್ರಶ್ನೆ ದೂರದ್ದು ಅಂತ ತಳ್ಳಿಹಾಕುವ ಹಾಗಿಲ್ಲ. ಅಲ್ಲಿನ ಕಾಯಿದೆ ಅಲ್ಲಿಯವರಿಗೆ ಮಾತ್ರ ಅಲ್ಲ. ಡೆಹರಾಡೂನಿನಲ್ಲಿ ಓದುವ, ಹರಿದ್ವಾರದ ಕಾರ್ಖಾನೆಯಲ್ಲಿ ದುಡಿಯುವ ಕನ್ನಡದ ಹುಡುಗ ಹುಡುಗಿಯರಿಗೂ ಅದು ತಗಲುತ್ತದೆ. ಯಾವ ಊರಿನವರಾದರೂ ಸರಿ, ಉತ್ತರಾಖಂಡದ ಎಲ್ಲೆಯೊಳಗೆ ಜೋಡಿಯಾಗಿ ಬದುಕಿದರೆ ರಿಜಿಸ್ಟ್ರಾರರ ಮುಂದೆ ಹೇಳಿಕೆ ಕೊಡಬೇಕು ಎಂದು ಕಾಯಿದೆ ಹೇಳುತ್ತದೆ.

ಉತ್ತರಾಖಂಡದ ವಿಧಾನಸಭೆ ಏಕರೂಪ ನಾಗರಿಕ ಸಂಹಿತೆಯನ್ನು ಪಾಸು ಮಾಡಿದ್ದು 2024ರ ಫೆಬ್ರವರಿ 7ರಂದು. ಜಾರಿಗೆ ಬಂದದ್ದು 2025ರ ಜನವರಿ 27ರಂದು. ಮದುವೆ, ವಿಚ್ಛೇದನ, ಆಸ್ತಿ ಹಕ್ಕು ಇವುಗಳ ಜೊತೆಗೆ 'ಲಿವ್-ಇನ್' ಸಂಬಂಧಕ್ಕೂ ಅದರಲ್ಲಿ ಒಂದು ಭಾಗ ಇದೆ. ದೇಶದಲ್ಲಿ ಮದುವೆಯಾಗದ ಜೋಡಿಗೆ ನೋಂದಣಿ ಕಡ್ಡಾಯ ಮಾಡಿದ ಮೊದಲ ರಾಜ್ಯ ಅದೇ. ಪರಿಶಿಷ್ಟ ಪಂಗಡದವರಿಗೆ ಮಾತ್ರ ಈ ಸಂಹಿತೆ ಅನ್ವಯಿಸುವುದಿಲ್ಲ.

ವಿಧಾನಸಭೆ ಪಾಸು ಮಾಡಿದ ಕಾಯಿದೆಯಲ್ಲಿ ಇರುವುದು ಇಷ್ಟು. ಜೋಡಿ ಹೇಳಿಕೆ ಕೊಡಬೇಕು. ರಿಜಿಸ್ಟ್ರಾರರು ವಿಚಾರಣೆ ನಡೆಸಿ 30 ದಿನದೊಳಗೆ ನೋಂದಾಯಿಸಬೇಕು, ಇಲ್ಲವೇ ಕಾರಣ ಬರೆದು ನಿರಾಕರಿಸಬೇಕು. ಇಬ್ಬರಲ್ಲಿ ಒಬ್ಬರಿಗೆ ಈಗಾಗಲೇ ಮದುವೆಯಾಗಿದ್ದರೆ ನೋಂದಣಿ ಇಲ್ಲ. ಅಪ್ರಾಪ್ತ ವಯಸ್ಸಾಗಿದ್ದರೆ ಇಲ್ಲ. ಮದುವೆಗೆ ನಿಷಿದ್ಧವಾದ ರಕ್ತಸಂಬಂಧವಾದರೆ ಇಲ್ಲ. ಒಪ್ಪಿಗೆಯನ್ನು ಬಲವಂತದಿಂದಲೋ ಮೋಸದಿಂದಲೋ ಪಡೆದಿದ್ದರೂ ಇಲ್ಲ. ಇಲ್ಲಿಯವರೆಗೆ ಯಾರೂ ತಕರಾರು ತೆಗೆಯಲಿಕ್ಕಿಲ್ಲ.

ತಕರಾರು ಶುರುವಾಗುವುದು ಮುಂದಿನ ಸಾಲುಗಳಲ್ಲಿ. ಜೋಡಿಯ ಹೇಳಿಕೆ ರಿಜಿಸ್ಟ್ರಾರರ ಕಪಾಟಿನಲ್ಲೇ ಉಳಿಯುವುದಿಲ್ಲ. ಅದರ ಪ್ರತಿ ಪೊಲೀಸ್ ಠಾಣೆಗೆ ಹೋಗುತ್ತದೆ. ಇಬ್ಬರಲ್ಲಿ ಒಬ್ಬರಿಗೆ 21 ತುಂಬದಿದ್ದರೆ ತಂದೆತಾಯಿಗೂ ತಿಳಿಸಬೇಕು. 18 ತುಂಬಿದವರು ಓಟು ಹಾಕಿ ಸರಕಾರವನ್ನೇ ಆರಿಸಬಹುದು; ಯಾರ ಜೊತೆ ಮನೆ ಮಾಡಿದ್ದೇವೆ ಎಂಬುದನ್ನು ಮಾತ್ರ ಆ ಸರಕಾರ ಅವರ ಅಪ್ಪನಿಗೆ ಹೇಳಿಬಿಡುತ್ತದೆ. ಜಾತಿ ಮೀರಿ, ಮತ ಮೀರಿ, ಮನೆಯವರ ಸಿಟ್ಟಿಗೆ ಹೆದರಿ ಊರು ಬಿಟ್ಟ ಜೋಡಿಗೆ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಜಮಾ ಎಷ್ಟು, ಖರ್ಚು ಎಷ್ಟು?

ಅಂಗಡಿಯವರಿಗೆ ಅರ್ಥವಾಗುವ ಭಾಷೆಯಲ್ಲಿ ಈ ಕಾಯಿದೆಯ ಜಮಾ ಖರ್ಚು ನೋಡೋಣ.

ಖರ್ಚಿನ ಕಡೆ: ಒಂದು ತಿಂಗಳಿಗಿಂತ ಹೆಚ್ಚು ಕಾಲ ಹೇಳಿಕೆ ಕೊಡದೆ ಜೊತೆಗಿದ್ದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸುಳ್ಳು ಹೇಳಿಕೆ ಕೊಟ್ಟರೆ ದಂಡ 25,000 ರೂಪಾಯಿವರೆಗೆ. ನೋಟೀಸು ಬಂದ ಮೇಲೂ ಸುಮ್ಮನಿದ್ದರೆ ಜೈಲು ಆರು ತಿಂಗಳವರೆಗೆ. ಇದು 2024ರಲ್ಲಿ ಪಾಸಾದ ಪಾಠದಲ್ಲಿ ಇರುವ ಲೆಕ್ಕ. ಆ ನೋಟೀಸು ಬರಲು ಯಾರಾದರೂ ಒಬ್ಬರು ದೂರು ಕೊಟ್ಟರೆ ಸಾಕು. ಪಕ್ಕದ ಮನೆಯವರಿಗೆ ನಲ್ಲಿ ನೀರಿನ ಜಗಳದ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಸಲೀಸಾದ ದಾರಿ ಬೇಕೆ?

ಜಮಾ ಕಡೆ: ಸಂಗಾತಿ ಕೈಬಿಟ್ಟು ಹೋದರೆ ಹೆಣ್ಣು ಜೀವನಾಂಶ ಕೇಳಬಹುದು. ಹುಟ್ಟಿದ ಮಗು ಸಕ್ರಮ ಸಂತಾನ. ಇವೆರಡೂ ಸಣ್ಣ ಮಾತಲ್ಲ. ಮದುವೆಯಾಗಿರುವುದನ್ನು ಮುಚ್ಚಿಟ್ಟು ಇನ್ನೊಬ್ಬಳ ಜೊತೆ ಮನೆ ಮಾಡಿದ ಗಂಡಸು ವಿಚಾರಣೆಯಲ್ಲಿ ಸಿಕ್ಕಿಬೀಳಬಹುದು. ಕಾಯಿದೆಯ ಪರ ಇರೋರು ಹೇಳುವುದು ಇದನ್ನೇ: ಮೋಸ ಹೋಗುವುದು ಹೆಣ್ಣು, ಆಕೆಯ ಕೈಯಲ್ಲಿ ಒಂದು ಕಾಗದ ಇರಲಿ. ಮಾತು ನ್ಯಾಯವಾದದ್ದೇ.

ಆದರೆ ಕಾಗದ ಕೈಗೆ ಬಂದ ಮೇಲೆ ಉಳಿದದ್ದೇನು? ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿ ಯಾರಿಗೆ ಎಂದು ಅದೇ ಸಂಹಿತೆ ಪಟ್ಟಿ ಕೊಡುತ್ತದೆ. ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ ಎಲ್ಲ ಇದ್ದಾರೆ. ನೋಂದಾಯಿತ ಸಂಗಾತಿಯ ಹೆಸರಿಲ್ಲ. ಇನ್ನು ಗಂಡು ಗಂಡು, ಹೆಣ್ಣು ಹೆಣ್ಣು ಜೋಡಿಯಾಗಿ ಇರುವವರ ಮಾತೇ ಅಲ್ಲಿ ಇಲ್ಲ. ನೋಂದಣಿ ಬೇಕು ಅಂತ ತಾವಾಗಿಯೇ ಕೇಳುತ್ತಿರುವವರು ಅವರು. ಅವರಿಗೆ ಬಾಗಿಲು ಹಾಕಿದೆ. ಬೇಡ ಅನ್ನುವವರನ್ನು ಮಾತ್ರ ಕೈಹಿಡಿದು ಎಳೆದು ಒಳಗೆ ಹಾಕಿದೆ.

ಫ್ರಾನ್ಸಿನ ಪುಸ್ತಕ ಬೇರೆ

ಮದುವೆಯಾಗದ ಜೋಡಿಯ ನೋಂದಣಿ ಲೋಕದಲ್ಲಿ ಹೊಸದೇನಲ್ಲ. ನೆದರ್ಲೆಂಡಿನಲ್ಲಿ 1998ರಿಂದ ಉಂಟು. ಫ್ರಾನ್ಸಿನಲ್ಲಿ 1999ರಲ್ಲಿ 'ಪ್ಯಾಕ್ಸ್' ಎಂಬ ಒಪ್ಪಂದದ ಕಾಯಿದೆ ಬಂತು. ಇಬ್ಬರು ವಯಸ್ಕರು, ಗಂಡು ಹೆಣ್ಣಾದರೂ ಸರಿ, ಒಂದೇ ಲಿಂಗದವರಾದರೂ ಸರಿ, ಒಪ್ಪಂದ ಬರೆದು ನೋಂದಾಯಿಸಬಹುದು. ಮೊದಲು ಕೋರ್ಟಿನಲ್ಲಿ ಆಗುತ್ತಿತ್ತು, 2017ರಿಂದ ಪುರಸಭೆಯ ಕಚೇರಿಯಲ್ಲೇ ಆಗುತ್ತದೆ. ಆದಾಯ ತೆರಿಗೆಯನ್ನು ಜಂಟಿಯಾಗಿ ಕಟ್ಟಬಹುದು. ಉಯಿಲಿನ ಮೂಲಕ ಸಂಗಾತಿಗೆ ಬಂದ ಆಸ್ತಿಗೆ ಉತ್ತರಾಧಿಕಾರದ ತೆರಿಗೆ ಇಲ್ಲ.

ಬರೆಸದಿದ್ದರೆ? ಏನೂ ಇಲ್ಲ. ಜೈಲೂ ಇಲ್ಲ, ದಂಡವೂ ಇಲ್ಲ. ಬೇಕಾದವನು ಬರೆಸುತ್ತಾನೆ, ಬೇಡವಾದವನು ಸುಮ್ಮನಿರುತ್ತಾನೆ. ಅಲ್ಲಿ ಪುಸ್ತಕದ ಕೀಲಿಕೈ ಜೋಡಿಯ ಕೈಯಲ್ಲಿದೆ. ಇಲ್ಲಿ ಅದು ಠಾಣೆಯ ಕೈಯಲ್ಲಿದೆ. ಎರಡೂ ಕಡೆ ನೋಂದಣಿ ಎಂಬ ಒಂದೇ ಹೆಸರು ಇರಬಹುದು. ಒಂದು ರೇಷನ್ ಕಾರ್ಡಿನ ಹಾಗೆ, ಇನ್ನೊಂದು ರೌಡಿ ಪಟ್ಟಿಯ ಹಾಗೆ.

ನಮ್ಮ ಕರ್ನಾಟಕದಲ್ಲಿ?

ಕರ್ನಾಟಕದಲ್ಲಿ ಇಂಥ ಪುಸ್ತಕವೇ ಇಲ್ಲ. 1976ರ ವಿವಾಹ ನೋಂದಣಿ ಕಾಯಿದೆ ಇದೆ, 1954ರ ವಿಶೇಷ ವಿವಾಹ ಕಾಯಿದೆ ಇದೆ. ಎರಡೂ ಮದುವೆಯಾದವರಿಗೆ, ಆಗುವವರಿಗೆ. ಮದುವೆಯಾಗದೆ ಇರುವ ಜೋಡಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಕೇಳಿದರೆ ಗುಮಾಸ್ತರು ತೆಗೆದುಕೊಡಲು ಯಾವ ಫಾರಮ್ಮೂ ಇಲ್ಲ.

ಹಾಗಂತ ಇಂಥ ಸಂಸಾರ ನಮ್ಮಲ್ಲಿ ಇಲ್ಲವೆ? ಈಚೆಗೆ ಬೆಂಗಳೂರಿನ ಕಂಪನಿ ಹುಡುಗರು ಶುರು ಮಾಡಿದ್ದು ಅಂತ ತಿಳಿದವರಿಗೆ ನಮ್ಮ ಹಳ್ಳಿಗಳೇ ಉತ್ತರ ಹೇಳುತ್ತವೆ. ಗಂಡ ಸತ್ತವಳಿಗೆ, ಗಂಡ ಬಿಟ್ಟವಳಿಗೆ ಕೂಡಿಕೆ, ಉಡಿಕೆ ಎಂಬ ಪದ್ಧತಿ ಎಷ್ಟೋ ಸಮುದಾಯಗಳಲ್ಲಿ ತಲೆತಲಾಂತರದಿಂದ ಇತ್ತು. ಓಲಗ ಇಲ್ಲ, ಚಪ್ಪರ ಇಲ್ಲ. ನಾಲ್ಕು ಜನರ ಎದುರು ಒಂದು ಸೀರೆ ಕೊಟ್ಟರೆ ಸಂಸಾರ ಶುರು. ಊರೇ ಸಾಕ್ಷಿ. ಕೈಬಿಟ್ಟರೆ ಕೇಳುವುದಕ್ಕೆ ಪಂಚಾಯ್ತಿ ಕಟ್ಟೆ ಇತ್ತು. ಈಗ ಕಟ್ಟೆ ಹೋಯಿತು, ಊರು ಬಿಟ್ಟು ಪೇಟೆ ಸೇರಿದ್ದಾಯಿತು. ಬಾಡಿಗೆ ಮನೆಯ ಜೋಡಿಗೆ ಪಕ್ಕದ ಮನೆಯವರ ಹೆಸರೂ ಗೊತ್ತಿರುವುದಿಲ್ಲ. ಸಾಕ್ಷಿ ಹೇಳೋರು ಯಾರು?

ಸಾಕ್ಷಿ ಇಲ್ಲದೆ ಕೋರ್ಟು ನಡೆಯುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ 'ಮದುವೆಯ ಸ್ವರೂಪದ ಸಂಬಂಧ'ವನ್ನೂ ಒಳಗೆ ಸೇರಿಸಿಕೊಂಡಿದೆ. ಹೊಡೆತ ಬಡಿತಕ್ಕೆ ರಕ್ಷಣೆ, ಇದ್ದ ಮನೆಯಲ್ಲೇ ಇರುವ ಹಕ್ಕು, ತಿಂಗಳ ಖರ್ಚಿನ ಹಣ ಎಲ್ಲವನ್ನೂ ಅದರಡಿ ಕೇಳಬಹುದು. ಆದರೆ ಸುಪ್ರೀಂಕೋರ್ಟು 2010ರಲ್ಲಿ ಅದಕ್ಕೆ ಒರೆಗಲ್ಲು ಹಾಕಿತು. ಲೋಕದ ಎದುರು ಗಂಡ ಹೆಂಡಿರಂತೆ ಬಾಳಿರಬೇಕು. ಇಬ್ಬರಿಗೂ ಮದುವೆಯ ವಯಸ್ಸಾಗಿರಬೇಕು. ಇಬ್ಬರೂ ಅವಿವಾಹಿತರಾಗಿ, ಮದುವೆಗೆ ಬೇರೆ ಅಡ್ಡಿ ಇಲ್ಲದವರಾಗಿರಬೇಕು. ತಾವಾಗಿ ಒಪ್ಪಿ ಗಣನೀಯ ಕಾಲ ಜೊತೆಗಿರಬೇಕು. ವಾರಕ್ಕೊಮ್ಮೆ ಬಂದು ಹೋಗುವುದು ಲೆಕ್ಕಕ್ಕಿಲ್ಲ.

ಈ ಒರೆಗಲ್ಲಿಗೆ ಸಿಕ್ಕಿ ನುಗ್ಗಾದದ್ದು ಬೆಂಗಳೂರಿನದೇ ಒಂದು ಪ್ರಕರಣ. ಒಂದೇ ಕಂಪನಿಯಲ್ಲಿ ಕೆಲಸಕ್ಕಿದ್ದ ಇಬ್ಬರು. ಆತನಿಗೆ ಹೆಂಡತಿ, ಇಬ್ಬರು ಮಕ್ಕಳು ಇದ್ದದ್ದು ಈಕೆಗೆ ಗೊತ್ತಿತ್ತು. ವರ್ಷಾನುಗಟ್ಟಲೆ ಜೊತೆಗಿದ್ದು ಆತ ಬಿಟ್ಟುಹೋದ. ಮ್ಯಾಜಿಸ್ಟ್ರೇಟರು ತಿಂಗಳಿಗೆ 18,000 ರೂಪಾಯಿ ಕೊಡಿಸಿದರು. ಹೈಕೋರ್ಟು ಅದನ್ನು ತಳ್ಳಿತು. 2013ರ ನವೆಂಬರಿನಲ್ಲಿ ಸುಪ್ರೀಂಕೋರ್ಟು ಹೈಕೋರ್ಟಿನ ಮಾತನ್ನೇ ಎತ್ತಿಹಿಡಿಯಿತು. ಗೊತ್ತಿದ್ದೂ ಮದುವೆಯಾದವನ ಜೊತೆ ಇದ್ದದ್ದು ಮದುವೆಯ ಸ್ವರೂಪದ ಸಂಬಂಧವಲ್ಲ ಎಂದಿತು. ಜೊತೆಗೇ, ಇಂಥ ಹೆಂಗಸರ, ಅವರ ಮಕ್ಕಳ ಪಾಡಿಗೆ ಪಾರ್ಲಿಮೆಂಟು ದಾರಿ ಹುಡುಕಬೇಕು ಎಂದೂ ಹೇಳಿತು.

ಇಲ್ಲೇ ಇರುವುದು ಗಂಟು. ಆ ಹೆಂಗಸು ಇಂದು ಉತ್ತರಾಖಂಡದಲ್ಲಿ ಇದ್ದಿದ್ದರೂ ರಿಜಿಸ್ಟ್ರಾರರು ಆಕೆಯ ಅರ್ಜಿಯನ್ನು ವಾಪಸು ಕೊಡುತ್ತಿದ್ದರು. ಕೋರ್ಟಿನ ಹೊಸ್ತಿಲಲ್ಲಿ ನಿಂತವಳು ನೋಂದಣಿ ಕಚೇರಿಯ ಹೊಸ್ತಿಲಲ್ಲೂ ಹೊರಗೇ. ತೀರಾ ಆಸರೆ ಬೇಕಾದವಳಿಗೆ ಈ ಪುಸ್ತಕದಲ್ಲಿ ಹಾಳೆಯೇ ಇಲ್ಲ.

ಗುಟ್ಟು ಯಾರ ಸ್ವತ್ತು?

ಜೊತೆಗಿರುವುದು ಅಪರಾಧವಲ್ಲ ಎಂದು ಸುಪ್ರೀಂಕೋರ್ಟು 2010ರಲ್ಲೇ ಹೇಳಿದೆ. ಖಾಸಗಿ ಬದುಕು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಎಲ್ಲಾ ಲಿವ್-ಇನ್ ಸಂಬಂಧಗಳನ್ನೂ ಕೇಂದ್ರ ಸರಕಾರ ನೋಂದಾಯಿಸಬೇಕು ಎಂದು 2023ರಲ್ಲಿ ಒಬ್ಬರು ಅರ್ಜಿ ಹಾಕಿದಾಗ ಸುಪ್ರೀಂಕೋರ್ಟು ಅದನ್ನು ತಲೆಬುಡವಿಲ್ಲದ್ದು ಅಂತ ಬೈದು ಕಳಿಸಿತು. 2025ರ ಜನವರಿಯಲ್ಲಿ ರಾಜಸ್ಥಾನ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿಗಳು ನೋಂದಣಿ ಬೇಕೇ ಬೇಕು ಎಂದರು. ಮೇಲಿನ ಕೋರ್ಟು ಒಂದು ಹೇಳಿದರೆ ಕೆಳಗಿನದು ಇನ್ನೊಂದು. ಉತ್ತರಾಖಂಡದ ಕಾಯಿದೆಯನ್ನು ಪ್ರಶ್ನಿಸಿ 2025ರಲ್ಲಿ ನೈನಿತಾಲಿನ ಹೈಕೋರ್ಟಿಗೂ ಅರ್ಜಿಗಳು ಹೋದವು.

ಛಾಪಾ ಕಾಗದದ ಭ್ರಮೆ

ಕೋರ್ಟು ಕಚೇರಿಗಳ ಎದುರು ಇಂದಿಗೂ ಒಂದು ನಂಬಿಕೆ ಗಟ್ಟಿಯಾಗಿದೆ: ಛಾಪಾ ಕಾಗದದಲ್ಲಿ ಬರೆದು, ನೋಟರಿಯ ಕೆಂಪು ಮೊಹರು ಬಿದ್ದರೆ ಮುಗಿಯಿತು, ಸಂಬಂಧ 'ಲೀಗಲ್' ಆಯಿತು ಅಂತ. ಗುಜರಾತಿನಲ್ಲಿ ಹಿಂದೆ 'ಮೈತ್ರಿ ಕರಾರ್' ಎಂಬ ಹೆಸರಿನಲ್ಲಿ ಇಂಥದೇ ಚಾಳಿ ಹಬ್ಬಿತ್ತು. ಮದುವೆಯಾದ ಗಂಡಸು ಇನ್ನೊಬ್ಬಳ ಜೊತೆ ಸ್ನೇಹದ ಕರಾರು ಬರೆದುಕೊಳ್ಳುತ್ತಿದ್ದ. ಆ ಕಾಗದದಿಂದ ಹೆಂಗಸಿಗೆ ಹೆಂಡತಿಯ ಹಕ್ಕು ಬರಲಿಲ್ಲ. ನೋಟರಿಯ ಮೊಹರು ಸಹಿ ಯಾರದು ಅಂತ ಹೇಳುತ್ತದೆ. ಅದು ಮದುವೆ ಮಾಡಿಸುವುದಿಲ್ಲ, ಆಸ್ತಿಯನ್ನೂ ಕೊಡಿಸುವುದಿಲ್ಲ.

ಕೆಲಸಕ್ಕೆ ಬರುವ ಕಾಗದಗಳು ಬೇರೆ ಇವೆ, ಅವು ಇಲ್ಲೇ ಸಿಗುತ್ತವೆ. ಮೊದಲನೆಯದು ಉಯಿಲು. ಬಿಳಿ ಹಾಳೆಯಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದರೆ ಸಾಕು. ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ಇನ್ನೂ ಭದ್ರ. ಉಯಿಲು ಇಲ್ಲದೆ ಹಿಂದೂ ಗಂಡಸು ಸತ್ತರೆ ಆಸ್ತಿ ತಾಯಿ, ಹೆಂಡತಿ, ಮಕ್ಕಳ ಪಾಲು. ಇಪ್ಪತ್ತು ವರ್ಷ ಅಡಿಗೆ ಮಾಡಿ ಬಡಿಸಿದವಳಿಗೆ ಬರುವುದು ಸೊನ್ನೆ. ಎರಡನೆಯದು ಬ್ಯಾಂಕಿನ ಜಂಟಿ ಖಾತೆ ಮತ್ತು ನಾಮಿನಿ. ಇಲ್ಲೊಂದು ಎಚ್ಚರ: ನಾಮಿನಿ ಅಂದರೆ ಹಣ ತೆಗೆದುಕೊಳ್ಳುವವನು, ಹಣದ ಒಡೆಯ ಅಲ್ಲ. ಜೀವವಿಮೆಯಲ್ಲಿ ತಂದೆತಾಯಿ, ಗಂಡ, ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣ ಅವರದೇ ಎಂದು 2015ರ ತಿದ್ದುಪಡಿ ಹೇಳಿತು. ಸಂಗಾತಿಗೆ ಆ ಭಾಗ್ಯ ಇಲ್ಲ. ಆದ್ದರಿಂದ ನಾಮಿನಿ ಫಾರಮ್ಮಿನ ಜೊತೆ ಉಯಿಲೂ ಇರಲೇಬೇಕು. ಮೂರನೆಯದು ಇಬ್ಬರ ಹೆಸರೂ ಇರುವ ಬಾಡಿಗೆ ಕರಾರು. ನಾಳೆ ಕೋರ್ಟಿನಲ್ಲಿ ಒಂದೇ ಮನೆಯಲ್ಲಿ ಇದ್ದರು ಎಂದು ಹೇಳುವ ಸಾಕ್ಷಿ ಅದೇ. ಮಕ್ಕಳ ಶಾಲೆಯ ದಾಖಲೆ, ಆಸ್ಪತ್ರೆಯ ಚೀಟಿ ಯಾವುದನ್ನೂ ಎಸೆಯಬಾರದು.

ಇಷ್ಟೆಲ್ಲ ಕಾಗದ ಕೂಡಿಸಿಡುವ ತಾಳ್ಮೆ, ತಿಳಿವಳಿಕೆ ಯಾರಿಗಿದೆ? ಸಂಬಳದವರಿಗೆ, ವಕೀಲರ ಪರಿಚಯ ಇರೋರಿಗೆ. ಗಾರೆ ಕೆಲಸದವಳಿಗೆ, ಗಾರ್ಮೆಂಟಿನವಳಿಗೆ, ಮಾರ್ಕೆಟಿನಲ್ಲಿ ಸೊಪ್ಪು ಮಾರುವವಳಿಗೆ ಇಲ್ಲ. ಅವಳಿಗೆ ಒಂದು ಸುಲಭದ ನೋಂದಣಿ ಬೇಕು ಎಂಬ ವಾದದಲ್ಲಿ ಹುರುಳಿದೆ. ಕರ್ನಾಟಕದಲ್ಲಿ ಎಂದಾದರೂ ಅಂಥ ಪುಸ್ತಕ ತೆರೆದರೆ ಬರೆಸುವುದು ಅವಳ ಇಷ್ಟಕ್ಕೆ ಬಿಟ್ಟದ್ದಾಗಿರಲಿ. ಬರೆಸಿದ ಮೇಲೆ ಮನೆ, ಜೀವನಾಂಶ, ಆಸ್ತಿಯಲ್ಲಿ ಒಂದು ಪಾಲು ಸಿಗಲಿ. ಹೆಸರು ಠಾಣೆಗೂ ಹೋಗದಿರಲಿ, ಹೊಡೆಯಲು ಕಾದಿರುವ ಅಣ್ಣತಮ್ಮಂದಿರ ಕಿವಿಗೂ ಬೀಳದಿರಲಿ. ಕೊಡುವುದು ಕಡಿಮೆ, ಕೇಳುವುದು ಜಾಸ್ತಿ ಎಂಬ ವ್ಯಾಪಾರಕ್ಕೆ ಯಾವ ಗಿರಾಕಿಯೂ ಮನಸಾರೆ ಬರುವುದಿಲ್ಲ. ಜೈಲಿನ ಹೆದರಿಕೆ ಹಾಕಿ ಕರೆಸಿಕೊಂಡರೆ ಅದಕ್ಕೆ ರಕ್ಷಣೆ ಎಂಬ ಹೆಸರು ಒಪ್ಪುವುದೂ ಇಲ್ಲ.