ಬಣ್ಣ ಹೊಡೆದು ಬಂದ್ವಿ, ಆಮೇಲೆ?

ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಮರೆತು ಬರದೇ ಇದ್ದಿದ್ರೆ ನಾನು ಈ ಲೇಖನ ಬರೀತಾನೇ ಇರಲಿಲ್ಲ.

ಈ ವರ್ಷ ಫೆಬ್ರವರಿಯಲ್ಲಿ, ಆಗ ನಾನಿನ್ನೂ ಫಸ್ಟ್ ಇಯರ್, ನಮ್ಮ ಕಾಲೇಜಿನ ಸರ್ವಿಸ್ ಕ್ಲಬ್‌ನಿಂದ ಶಿರಾ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಬಣ್ಣ ಹೊಡೆಯೋಕೆ ಹೋಗಿದ್ವಿ. ಕಾಲೇಜ್ ಬಸ್ಸಲ್ಲಿ ನಲವತ್ತು ಜನ, ಪೇಂಟ್ ಬಕೆಟ್‌ಗಳು, ಒಂದು ಬ್ಲೂಟೂತ್ ಸ್ಪೀಕರ್, ಎಲ್ಲರಿಗೂ ಒಂದೇ ಥರದ ಹಳದಿ ಟೀ ಶರ್ಟ್. ಸಂಜೆ ಐದರ ಹೊತ್ತಿಗೆ ಶಾಲೆಯ ಮುಂದಿನ ಗೋಡೆ ಮೇಲೆ ರೈಲು, ಸೌರಮಂಡಲ, ಕನ್ನಡ ವರ್ಣಮಾಲೆ ಎಲ್ಲಾ ಬಂದಿತ್ತು. ಗ್ರೂಪ್ ಫೋಟೋ ಆಯ್ತು, ಬಸ್ಸಲ್ಲಿ ಹಾಡು ಆಯ್ತು. ಅವತ್ತು ರಾತ್ರಿ ಅಮ್ಮಂಗೆ ಫೋನ್ ಮಾಡಿ ಅರ್ಧ ಗಂಟೆ ಹೇಳಿದ್ದೇ ಹೇಳಿದ್ದು. ಏನೋ ಸಾಧಿಸಿದೆ ಅನ್ನೋ ಖುಷಿ ನಿಜವಾಗ್ಲೂ ಇತ್ತು, ಅದನ್ನ ಈಗ ಸುಳ್ಳು ಅಂತ ಹೇಳಲ್ಲ.

ಮಾರ್ಚ್‌ನಲ್ಲಿ ಎಲೆಕ್ಟ್ರಿಕಲ್ ಲ್ಯಾಬ್‌ನ ಸರ್ ನಮ್ಮನ್ನ ಹಿಡಿದ್ರು. ಸ್ಪೀಕರ್ ಚಾರ್ಜ್ ಮಾಡೋಕೆ ಅಂತ ತಗೊಂಡು ಹೋಗಿದ್ದ ಎಕ್ಸ್‌ಟೆನ್ಷನ್ ಬಾಕ್ಸ್ ವಾಪಸ್ ಬಂದಿಲ್ಲ, ಸ್ಟಾಕ್ ರಿಜಿಸ್ಟರ್‌ನಲ್ಲಿ ಸಹಿ ನನ್ನದು. ಹಾಗಾಗಿ ಒಂದು ಶನಿವಾರ ನಾನೊಬ್ಬಳೇ ಸರ್ಕಾರಿ ಬಸ್ ಹತ್ತಿ ಹೋದೆ. ಈ ಸಲ ಟೀ ಶರ್ಟ್ ಇಲ್ಲ, ಫೋಟೋ ತೆಗೆಯೋರಿಲ್ಲ.

ಗೇಟಲ್ಲೇ ಐದನೇ ಕ್ಲಾಸಿನ ಒಂದು ಹುಡುಗಿ ನನ್ನ ಗುರುತು ಹಿಡಿದಳು. 'ಅಕ್ಕಾ, ಗೋಡೆ ಮೇಲೆ ಋಷಿ ತಪ್ಪು ಬರ್ದಿದೀರ' ಅಂದಳು. ನೋಡಿದ್ರೆ ಹೌದು. ಋ ಅಂತ ದೊಡ್ಡದಾಗಿ ಬರೆದು, ಗಡ್ಡದ ತಾತನ ಚಿತ್ರ ಬಿಡಿಸಿ, ಕೆಳಗೆ 'ರುಷಿ' ಅಂತ ಬರೆದಿದೀವಿ. ಬರೆದಿದ್ದು ನಾನೇ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಕನ್ನಡ ಅಂದ್ರೆ ಪರೀಕ್ಷೆಗೆ ಮಾತ್ರ. ಕನ್ನಡ ಶಾಲೆ ಮಕ್ಕಳಿಗೆ ಅಕ್ಷರ ಕಲಿಸೋಕೆ ಹೋದವಳು ನಾನು! (ಈ ಲೇಖನದ ಕಾಗುಣಿತವನ್ನೂ ನಮ್ಮ ಸಂಪಾದಕರು ತಿದ್ದಿದಾರೆ, ಥ್ಯಾಂಕ್ಸ್.)

ಬಿಸಿಲಿಗೆ ಬಾಯಿ ಒಣಗಿತ್ತು, ನೀರು ಕೇಳಿದೆ. ಆ ಹುಡುಗಿ ಸಿಂಟೆಕ್ಸ್ ಟ್ಯಾಂಕಿನ ನಲ್ಲಿ ತೋರಿಸಿದಳು. ಬೋರ್ ನೀರು. ಕುಡಿದ್ರೆ ಸಪ್ಪೆ ಉಪ್ಪುಪ್ಪು. ಆಗ ನೆನಪಾಯ್ತು, ಪೇಂಟಿಂಗ್ ದಿನ ನಾವು ನಲವತ್ತು ಜನಕ್ಕೆ ಆಗುವಷ್ಟು ಕ್ಯಾನ್ ನೀರು ಕಾಲೇಜಿಂದಲೇ ಬಸ್ಸಿಗೆ ಹಾಕ್ಕೊಂಡು ಹೋಗಿದ್ವಿ. ಇಡೀ ದಿನ ಆ ಶಾಲೆಯ ಒಂದು ಲೋಟ ನೀರೂ ಕುಡಿದಿರಲಿಲ್ಲ.

ಎಕ್ಸ್‌ಟೆನ್ಷನ್ ಬಾಕ್ಸ್ ಸ್ಟಾಫ್ ರೂಮಲ್ಲಿ ಒಂದು ಆರ್‌ಒ ಫಿಲ್ಟರ್ ಮೇಲೆ ಇತ್ತು. ಅದೇ ಫಿಲ್ಟರ್ ಮೇಲೆ ಸೀಮೆಸುಣ್ಣದ ಡಬ್ಬಿಗಳೂ ಇದ್ವು. ನಲ್ಲಿಗೆ ಪ್ಲಾಸ್ಟಿಕ್ ಕವರ್ ಕಟ್ಟಿದ್ರು. ಕೊಟ್ಟವರ ಹೆಸರಿನ ಸ್ಟೀಲ್ ಪ್ಲೇಟ್ ಮಾತ್ರ ಪಳಪಳ ಹೊಳೀತಿತ್ತು. ಅದು ನಮ್ಮ ಕ್ಲಬ್ ಅಲ್ಲ, ಮೂರು ವರ್ಷದ ಹಿಂದೆ ಬಂದು ಹೋದ ಬೇರೆ ಯಾರೋ. ಏಳೆಂಟು ತಿಂಗಳು ಚೆನ್ನಾಗಿ ಓಡಿತಂತೆ, ಆಮೇಲೆ ನೀರು ಹನಿಹನಿ ಬರೋಕೆ ಶುರುವಾಯ್ತಂತೆ, ನಿಂತೇ ಹೋಯ್ತಂತೆ. ಸ್ಟಿಕರ್ ಮೇಲಿದ್ದ ನಂಬರಿಗೆ ಫೋನ್ ಮಾಡಿದ್ರೆ ಯಾರೂ ಎತ್ತಲ್ಲ.

ಹೆಡ್ ಮೇಡಂ ಇದನ್ನೆಲ್ಲ ಬೇಜಾರು ಮಾಡ್ಕೊಳ್ಳದೇ ಹೇಳಿದ್ರು. ಕೊನೆಗೆ ಒಂದು ಮಾತು ಸೇರಿಸಿದ್ರು: 'ಪೇಂಟಿಂಗ್‌ಗೆ ಮುಂಚೆ ನಿಮ್ಮವರು ಬಂದಿದ್ರಲ್ಲಮ್ಮ, ಅವರಿಗೂ ಹೇಳ್ದೆ, ಇದೊಂದು ರಿಪೇರಿ ಮಾಡಿಸ್ಕೊಡಿ ಅಂತ. ಈ ಸಲ ಪ್ರಾಜೆಕ್ಟು ಪೇಂಟಿಂಗ್ ಮೇಡಂ ಅಂದ್ರು.'

ವಾಪಸ್ ಬರ್ತಾ ಬಸ್ಸಲ್ಲಿ ಹಾಡೇನೂ ಬರಲಿಲ್ಲ.

ಇದು ಸಣ್ಣ ವಿಷಯ ಅಲ್ಲ ಯಾಕೆ ಅಂತ ಹೇಳ್ತೀನಿ. ನಮ್ಮ ತುಮಕೂರು ಜಿಲ್ಲೆಯ ಪಾವಗಡ, ಶಿರಾ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಸಮಸ್ಯೆ ಹಳೇದು. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5 ತನಕ ಅನ್ನೋದು ಬಿಐಎಸ್ ಮಾನದಂಡ. ಅದಕ್ಕಿಂತ ಜಾಸ್ತಿ ಇರೋದನ್ನ ವರ್ಷಗಟ್ಟಲೆ ಕುಡಿದ್ರೆ ಮಕ್ಕಳ ಹಲ್ಲಲ್ಲಿ ಕಂದು ಕಲೆ ಬೀಳುತ್ತೆ, ಇನ್ನೂ ಜಾಸ್ತಿ ಆದ್ರೆ ಮೂಳೆಗೂ ತೊಂದರೆ. ಕುದಿಸಿದ್ರೆ ಹೋಗಲ್ಲ, ನೀರು ಆವಿಯಾಗಿ ಉಳಿದಿದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತೆ. ಸಾದಾ ಕ್ಯಾಂಡಲ್ ಫಿಲ್ಟರ್‌ಗೂ ಬಗ್ಗಲ್ಲ. ಆರ್‌ಒ ಮೆಂಬ್ರೇನ್ ತೆಗೆಯುತ್ತೆ, ಆದ್ರೆ ಗಡಸು ನೀರಲ್ಲಿ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತೆ. ಮುಂದಿರೋ ಸೆಡಿಮೆಂಟ್, ಕಾರ್ಬನ್ ಕಾರ್ಟ್ರಿಜ್‌ಗಳನ್ನ ಆರು ತಿಂಗಳಿಂದ ಒಂದು ವರ್ಷದೊಳಗೆ ಬದಲಾಯಿಸಲೇಬೇಕು. ಅಂದ್ರೆ ಫಿಲ್ಟರ್ ಕೊಡೋದು ಅನ್ನೋದು ಒಂದು ದಿನದ ಕೆಲಸವೇ ಅಲ್ಲ. ಕೊಟ್ಟ ದಿನದಿಂದ ಶುರುವಾಗೋ ಕೆಲಸ.

ನಾನೇನು ತಕ್ಷಣ ಹೀರೋಯಿನ್ ಥರ ಹೋಗಿ ರಿಪೇರಿ ಮಾಡಿಬಿಡಲಿಲ್ಲ. ಮಾರ್ಚ್‌ನಲ್ಲಿ ನೋಡಿದ್ದು, ಮತ್ತೆ ಹೋಗಿದ್ದು ಜುಲೈನಲ್ಲಿ. ಮಧ್ಯೆ ಇಂಟರ್ನಲ್ಸ್, ಎಕ್ಸಾಮ್, ರಜೆ, ಮರೆವು. ನಾವು ನಾಲ್ಕು ಜನ ಹೋದ್ವಿ, ಒಬ್ಬ ಮೆಕ್ಯಾನಿಕಲ್, ಉಳಿದ ಮೂವರು ಸ್ಪ್ಯಾನರ್ ಹಿಡಿಯೋದು ಹೇಗೆ ಅಂತ ಗೊತ್ತಿಲ್ಲದ ಕಂಪ್ಯೂಟರ್ ಸೈನ್ಸ್. ಮೊದಲನೇ ಕಾರ್ಟ್ರಿಜ್ ಬಿಚ್ಚಿದ್ರೆ ಬಿಳಿ ಇರಬೇಕಾದ್ದು ಕೆರೆ ಮಣ್ಣಿನ ಬಣ್ಣ. ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಲ್ಲಿ ಇಡಿಟಿಎ ಹಾಕಿ ನೀರಿನ ಗಡಸುತನ ಕಂಡುಹಿಡಿಯೋ ಪ್ರಯೋಗ ಮಾಡಿದ್ವಲ್ಲ, ವೈನ್ ರೆಡ್ ಹೋಗಿ ನೀಲಿ ಬರೋದು, ಅದು ವೈವಾಕ್ಕೆ ಬಿಟ್ಟು ಬೇರೆಲ್ಲಾದ್ರೂ ಉಪಯೋಗಕ್ಕೆ ಬರುತ್ತೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಆದ್ರೆ ಅದ್ರಲ್ಲಾಗಲಿ ಟಿಡಿಎಸ್ ಮೀಟರ್‌ನಲ್ಲಾಗಲಿ ಫ್ಲೋರೈಡ್ ಎಷ್ಟಿದೆ ಅಂತ ಗೊತ್ತಾಗಲ್ಲ. ಜಲ ಜೀವನ್ ಮಿಷನ್‌ನಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆ ಕಿಟ್ ಕೊಟ್ಟಿರ್ತಾರೆ. ಪಂಚಾಯಿತಿಯವರನ್ನ ಕೇಳಿದ್ವಿ, ಮಾಡಿ ತೋರಿಸಿದ್ರು. ಬಣ್ಣ ಹೋಲಿಸಿದಾಗ 1.5ಕ್ಕಿಂತ ಮೇಲೆ ಬಂತು. ಮೆಂಬ್ರೇನ್ ಸೇರಿ ಎಲ್ಲಾ ಬದಲಾಯಿಸೋಕೆ ಆದ ಖರ್ಚು ಮೂರು ಸಾವಿರದ ಒಳಗೆ. ನಾಲ್ಕು ಜನ ಹಂಚ್ಕೊಂಡ್ವಿ. ಫೆಬ್ರವರಿಯ ಟೀ ಶರ್ಟ್‌ಗಳಿಗೇ ಇದಕ್ಕಿಂತ ಜಾಸ್ತಿ ಆಗಿತ್ತು.

ಈಗ ಜಗಳದ ವಿಷಯಕ್ಕೆ ಬರ್ತೀನಿ. ಈ ಸಲದ ಕ್ಲಬ್ ಮೀಟಿಂಗಲ್ಲಿ ಹೊಸ ಶಾಲೆ, ಹೊಸ ಪ್ರಾಜೆಕ್ಟ್ ಅಂತ ತೀರ್ಮಾನ ಆಗ್ತಿದೆ: ಸ್ಮಾರ್ಟ್ ಟಿವಿ ಕೊಡೋದಂತೆ. ನಾನು ಎದ್ದು ಹಳೇ ಶಾಲೆಗೇ ಹೋಗೋಣ ಅಂದೆ. ಒಬ್ಬ ಸೀನಿಯರ್ ಕೇಳಿದ ಪ್ರಶ್ನೆ ನ್ಯಾಯವಾದದ್ದೇ: 'ಒಂದೇ ಶಾಲೆಗೆ ಎಷ್ಟು ಸಲ ಹೋಗೋದು? ಬೇರೆ ಶಾಲೆ ಮಕ್ಕಳು ಏನು ಪಾಪ ಮಾಡಿದ್ರು?' ಇನ್ನೊಬ್ಬರು, 'ರಿಪೇರಿಗೆ ಅಂದ್ರೆ ಸ್ಪಾನ್ಸರ್ ದುಡ್ಡು ಕೊಡಲ್ಲ, ಹೊಸ ವಸ್ತುವಿಗೆ ಕೊಡ್ತಾರೆ' ಅಂದ್ರು. ಅದೂ ನಿಜ. ಕಾರ್ಟ್ರಿಜ್ ಮೇಲೆ ಯಾರ ಹೆಸರು ಕೆತ್ತಿಸ್ತೀರ?

ಅದರ ಜೊತೆಗೆ ನಮ್ಮ ಪಾಯಿಂಟ್ಸ್ ಲೆಕ್ಕ. ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ಸ್ ನಾಲ್ಕು ವರ್ಷದವರಿಗೆ 100, ಡಿಪ್ಲೊಮಾ ಮುಗಿಸಿ ಬಂದವರಿಗೆ 75. ಅದಕ್ಕೆ ರಿಪೋರ್ಟ್ ಬೇಕು, ಫೋಟೋ ಬೇಕು. ಮುಂಚೆ-ಆಮೇಲೆ ಅಂತ ಎರಡು ಫೋಟೋ ಹಾಕೋಕೆ ಗೋಡೆಯಷ್ಟು ಒಳ್ಳೇ ವಸ್ತು ಇನ್ನೊಂದಿಲ್ಲ. ಇದರ ಮೇಲೆ ಪ್ರತಿ ಜುಲೈಗೆ ಹೊಸ ಅಧ್ಯಕ್ಷರು, ಹೊಸ ಕಾರ್ಯದರ್ಶಿ. ಪ್ರತಿಯೊಬ್ಬರಿಗೂ ತಮ್ಮ ವರ್ಷದ್ದು ಅಂತ ಒಂದು ಪ್ರಾಜೆಕ್ಟ್ ಬೇಕು. ಹಿಂದಿನವರು ಹಾಕಿದ ಗಿಡಕ್ಕೆ ನೀರು ಹಾಕಿದ್ರೆ ಯಾರ ಲೆಕ್ಕಕ್ಕೆ ಬರುತ್ತೆ? ಪಾಯಿಂಟ್ಸ್ ನಾನೂ ತಗೊಂಡಿದೀನಿ, ಆ 'ರುಷಿ' ಬರೆದಿದ್ದಕ್ಕೇ. ವಾಪಸ್ ಕೊಡೋಕೂ ಹೋಗಿಲ್ಲ.

ಗೋಡೆಗೆ ಬಣ್ಣ ಹೊಡೆದಿದ್ದು ದಂಡ ಅಂತಲೂ ಅಲ್ಲ. ಊಟದ ಬಿಡುವಲ್ಲಿ ಚಿಕ್ಕ ಮಕ್ಕಳು ಆ ರೈಲಿನ ಒಂದೊಂದು ಡಬ್ಬಿ ಮುಟ್ಟಿ ಮಗ್ಗಿ ಹೇಳೋದು ನೋಡಿದೀನಿ. ನನ್ನ ತಕರಾರು ಇಷ್ಟೇ, ಅವರು ಕೇಳಿದ್ದು ಅದಲ್ಲ.

ಎನ್‌ಎಸ್‌ಎಸ್ ನೋಡಿ. 1969ರಲ್ಲಿ ಗಾಂಧಿ ಶತಮಾನೋತ್ಸವದ ವರ್ಷ ಶುರುವಾಗಿದ್ದು, ಘೋಷವಾಕ್ಯ 'ನನಗಲ್ಲ, ನಿನಗೆ'. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಏಳು ದಿನದ ಶಿಬಿರ ಅನ್ನೋದು ಎಲ್ಲರಿಗೂ ಗೊತ್ತು. ಆದ್ರೆ ಅದೇ ನಿಯಮದಲ್ಲಿ ಒಂದು ಹಳ್ಳಿಯನ್ನ ದತ್ತು ತಗೊಂಡು ಅಲ್ಲೇ ಮತ್ತೆ ಮತ್ತೆ ಕೆಲಸ ಮಾಡಬೇಕು ಅಂತಲೂ ಇದೆ. ದತ್ತು ಅನ್ನೋ ಪದ ನೋಡಿ. ವರ್ಷಕ್ಕೊಂದು ಮಗುವನ್ನ ದತ್ತು ತಗೊಂಡು ಹಳೇದನ್ನ ಬಸ್ ಸ್ಟ್ಯಾಂಡಲ್ಲಿ ಬಿಟ್ಟು ಬರ್ತಾರಾ ಯಾರಾದ್ರೂ?

ನನಗೆ ಅನ್ನಿಸೋದು, ಒಂದು ಶಾಲೆಗೆ ಕನಿಷ್ಠ ಮೂರು ವರ್ಷ ಹೋಗಬೇಕು. ಬೇರೆ ಶಾಲೆ ಮಕ್ಕಳ ಪ್ರಶ್ನೆಗೆ ನನ್ನ ಉತ್ತರ ಇದು: ಹತ್ತು ಶಾಲೆಯಲ್ಲಿ ಕೆಟ್ಟು ನಿಂತಿರೋ ಹತ್ತು ಫಿಲ್ಟರ್‌ಗಿಂತ ಒಂದು ಶಾಲೆಯಲ್ಲಿ ನೀರು ಬರೋ ಒಂದು ಫಿಲ್ಟರ್ ಮೇಲು. ಮೊದಲನೇ ಭೇಟಿಗೆ ಕ್ಯಾಮೆರಾ ಬೇಡ. ಹೆಡ್ ಮೇಡಂ, ಎಸ್‌ಡಿಎಂಸಿಯವರು, ಬಿಸಿಯೂಟ ಮಾಡೋ ಅಕ್ಕ, ಇವರ ಜೊತೆ ಕೂತು ಏನು ಬೇಕು ಅಂತ ಕೇಳಿ, ಅಲ್ಲಿಯ ನೀರೇ ಕುಡಿದು ಬರೋಣ. ಬಜೆಟ್‌ನಲ್ಲಿ ಕಾಲು ಭಾಗ ರಿಪೇರಿಗೆ ಅಂತ ಎತ್ತಿಡೋಣ. ಸ್ಪಾನ್ಸರ್ ಕೊಡದಿದ್ರೆ ಈ ಸಲ ಟೀ ಶರ್ಟ್ ಬಿಡೋಣ, ಹಳೇದು ಇನ್ನೂ ಚೆನ್ನಾಗೇ ಇದೆ. ಹಳೇ ಪ್ರಾಜೆಕ್ಟ್ ನೋಡಿ ಬರೋಕೆ ಹೋದವರಿಗೂ ಪಾಯಿಂಟ್ಸ್ ಕೊಡಿ ಅಂತ ನಮ್ಮ ಕೋಆರ್ಡಿನೇಟರ್ ಸರ್‌ಗೆ ಕೇಳಿದೀನಿ, 'ಬರೆದು ಕೊಡಮ್ಮ, ನೋಡೋಣ' ಅಂದಿದಾರೆ.

ಮೀಟಿಂಗಲ್ಲಿ ನನ್ನ ಪರವಾಗಿ ಕೈ ಎತ್ತಿದವರು ಒಂಬತ್ತು ಜನ. ಮುಂದಿನ ವಾರ ಮತ್ತೆ ಮೀಟಿಂಗ್ ಇದೆ.

ಹೊಸ ಕಾರ್ಟ್ರಿಜ್ ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ತಾರೀಖು ಬರೆದು ಬಂದಿದೀವಿ. ಜುಲೈಗೆ ಹಾಕಿದ್ದು, ಮುಂದಿನದು ಜನವರಿಗೆ. ಜನವರಿ ಅಂದ್ರೆ ನಮಗೆ ಎಕ್ಸಾಮ್ ಟೈಮ್, ಆ ನಾಲ್ಕು ಜನರಲ್ಲಿ ಇಬ್ಬರು ಆಗಲೇ ಆಗಲ್ಲ ಅಂದಿದಾರೆ. ಬರೋರು ಇದ್ರೆ ಕನ್ನಡ ಸಂಘದ ರೂಮಿಗೆ ಬಂದು ಹೆಸರು ಕೊಡಿ. ಸ್ಪ್ಯಾನರ್ ಇದೆ. ಒಂದು ಸಣ್ಣ ಡಬ್ಬಿ ಕಪ್ಪು ಪೇಂಟ್ ಮಾತ್ರ ಯಾರಾದ್ರೂ ತನ್ನಿ, ಆ 'ರುಷಿ'ಯನ್ನ ಸರಿ ಮಾಡೋದಿದೆ.