ಆ್ಯಪ್‌ಗೆ ಮೈಕ್ ಹಾಕಿಸುವ ಮುಂಚೆ ಈ ಪ್ರಶ್ನೆಗಳನ್ನು ಕೇಳಿ

ಈಗ ರೈತ ಉತ್ಪಾದಕ ಕಂಪನಿಗಳು ಸ್ವಂತ ಆ್ಯಪ್ ಮಾಡಿಸುವ ಮಾತಾಡ್ತಿವೆ. "ಒಂದು ಮೈಕ್ ಹಾಕ್ಸಿ, ರೈತರು ಮಾತಾಡಿದ್ರೆ ಸಾಕು, ಅದೇ ಬರ್ಕೊಳ್ಳುತ್ತೆ" ಅಂತ ಮೀಟಿಂಗ್‌ನಲ್ಲಿ ಯಾರಾದ್ರೂ ಹೇಳೇ ಹೇಳ್ತಾರೆ. ಒಳ್ಳೇ ಯೋಚನೆನೇ. ಕೈಯೆಲ್ಲಾ ಕೆಸರಾಗಿರುವಾಗ ಕನ್ನಡ ಟೈಪ್ ಮಾಡೋದು ಯಾರಿಗೆ ಬೇಕು? ಆದರೆ ಮಾತನ್ನು ಅಕ್ಷರಕ್ಕೆ ಇಳಿಸುವ ದಾರಿ ಒಂದೇ ಅಲ್ಲ. ಯಾವ ದಾರಿ ಅನ್ನೋದನ್ನು ಆ್ಯಪ್ ಮಾಡುವವರಿಗೆ ಮಾತ್ರ ಬಿಡಬಾರದು ಅನ್ನೋದು ನನ್ನ ಅಭಿಪ್ರಾಯ.

ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಫೋನಿನ ಕೀಬೋರ್ಡ್‌ನಲ್ಲೇ ಇರುವ ಮೈಕ್. ಗೂಗಲ್ 2017ರಲ್ಲೇ ಕನ್ನಡಕ್ಕೆ ಧ್ವನಿ ಟೈಪಿಂಗ್ ತಂದಿದೆ. ಕಂಪನಿಗೆ ಬೇರೆ ಖರ್ಚಿಲ್ಲ. ಆದರೆ ಅದು ಎಲ್ಲರಿಗೂ ಅಂತ ಮಾಡಿದ್ದು, ನಮ್ಮ ಬೇಸಾಯದ ಪದಗಳನ್ನು ಅದಕ್ಕೆ ಕಲಿಸೋದು ನಮ್ಮ ಕೈಯಲ್ಲಿಲ್ಲ.

ಎರಡನೆಯದು ಕ್ಲೌಡ್. ಧ್ವನಿ ದೂರದ ಸರ್ವರ್‌ಗೆ ಹೋಗಿ ಅಕ್ಷರವಾಗಿ ವಾಪಸ್ ಬರುತ್ತೆ. ಉದ್ದದ ಮಾತಿಗೆ ಇದು ಒಳ್ಳೇದು. ಆದರೆ ನೆಟ್‌ವರ್ಕ್ ಬೇಕು, ಸಾಮಾನ್ಯವಾಗಿ ಬಳಸಿದಷ್ಟೂ ಬಿಲ್ ಬರುತ್ತೆ, ನಿಮ್ಮ ಇಳುವರಿ, ಮಾರುವ ದರ ಎಲ್ಲವೂ ಫೋನಿನಿಂದ ಹೊರಗೆ ಹೋಗುತ್ತೆ.

ಮೂರನೆಯದು, ಫೋನಿನೊಳಗೇ ಕೆಲಸ ಮಾಡುವ ಚಿಕ್ಕ ಮಾದರಿ. ಒಮ್ಮೆ ಡೌನ್‌ಲೋಡ್ ಆದರೆ ನೆಟ್ ಬೇಡ. ಜಾಗ ಬೇಕು, ಹಳೇ ಫೋನಿನಲ್ಲಿ ನಿಧಾನ. 2022ರಲ್ಲಿ ಓಪನ್‌ಎಐ ಬಿಡುಗಡೆ ಮಾಡಿದ ವಿಸ್ಪರ್, ಐಐಟಿ ಮದ್ರಾಸಿನ ಎಐಫೋರ್‌ಭಾರತ್ ಮಾದರಿಗಳು ಮುಕ್ತವಾಗಿ ಸಿಗುತ್ತವೆ. ಆದರೆ ಇದ್ದದ್ದನ್ನು ಇದ್ದ ಹಾಗೇ ಹಾಕಿದರೆ ಸಾಲದು, ನಮ್ಮ ಪದಗಳ ತರಬೇತಿ ಕೊಡಬೇಕು.

ನನ್ನ ಓಟು, ದಿನದ ಹೊಲದ ಡೈರಿಗೆ ಮೂರನೆಯದಕ್ಕೆ. ಯಾಕಂದ್ರೆ ಡೈರಿಗೆ ಬೇಕಾಗೋದು ಕೆಲವು ನೂರು ಪದ ಅಷ್ಟೇ: ಬೆಳೆ, ಒಳಸುರಿ, ಅಳತೆ, ತಾಕು. "ಯಾವ ಬೆಳೆ? ಏನು ಹಾಕಿದ್ರಿ? ಎಷ್ಟು?" ಅಂತ ಆ್ಯಪ್ ಒಂದೊಂದಾಗಿ ಕೇಳಲಿ. ಮೂವತ್ತು ಬೆಳೆಗಳಲ್ಲಿ ಒಂದನ್ನು ಗುರುತಿಸೋದು, ಯಾವ ಪದ ಬೇಕಾದರೂ ಬರಬಹುದಾದ ಮಾತನ್ನು ಹಿಡಿಯೋದಕ್ಕಿಂತ ಸುಲಭ. ರೋಗದ ಬಗ್ಗೆ ತಜ್ಞರನ್ನು ಕೇಳೋದಾದರೆ ಅಕ್ಷರವೇ ಬೇಡ. ಧ್ವನಿ ರೆಕಾರ್ಡ್ ಆಗಿರಲಿ, ನೆಟ್ ಸಿಕ್ಕಾಗ ಫೋಟೋ ಜೊತೆ ಹೋಗಲಿ.

ಆ ಪದಪಟ್ಟಿಯನ್ನು ಮಾತ್ರ ನಾವೇ ಬರೆದುಕೊಡಬೇಕು. ಮೆಕ್ಕೆಜೋಳ, ಮುಸುಕಿನ ಜೋಳ, ಗೋವಿನ ಜೋಳ ಮೂರೂ ಒಂದೇ ಬೆಳೆ. ಕಡಲೆಕಾಯಿ ಅಂದ್ರೂ ಶೇಂಗಾ ಅಂದ್ರೂ ಒಂದೇ. ಇದು ಆ್ಯಪ್‌ಗೆ ಗೊತ್ತಿರಬೇಕು. ಬೆಂಗಳೂರಿನ ಐಐಎಸ್‌ಸಿಯ ರೆಸ್ಪಿನ್ ಯೋಜನೆ ಕೃಷಿ ಮತ್ತು ಹಣಕಾಸಿನ ಮಾತುಗಳನ್ನು ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ ಸಂಗ್ರಹಿಸಿದೆ. ಅದನ್ನು ಬಳಸ್ತೀರಾ ಅಂತ ಕೇಳಿ.

ಇನ್ನು ಅಂಕಿಗಳು. "ಇಪ್ಪತ್ತು", "ಎಪ್ಪತ್ತು" ನಡುವೆ ಇರೋದು ಒಂದು ಸ್ವರದ ವ್ಯತ್ಯಾಸ. ಇಪ್ಪತ್ತು ಕೆಜಿ ಬೇವಿನ ಹಿಂಡಿ ಎಪ್ಪತ್ತಾದರೆ ಖರ್ಚಿನ ಲೆಕ್ಕವೂ ಕೆಡುತ್ತೆ, ದಾಖಲೆಯೂ ಕೆಡುತ್ತೆ. ಪಿಜಿಎಸ್ ಸಾವಯವ ಗುಂಪಿನಲ್ಲಿ ಜೊತೆಗಾರ ರೈತರೇ ತೋಟಕ್ಕೆ ಬಂದು ಪರಿಶೀಲಿಸುತ್ತಾರೆ. ಡೈರಿ ಬಿಲ್‌ಗೆ ತಾಳೆಯಾಗದಿದ್ದರೆ ಪ್ರಾಮಾಣಿಕ ಬೆಳೆಗಾರನ ಮೇಲೂ ಅನುಮಾನ ಬರುತ್ತೆ. ಹಾಗಾಗಿ ಅಂಕಿಯನ್ನು ದೊಡ್ಡದಾಗಿ ತೋರಿಸಿ, ಓದಿ ಹೇಳಿ, "ಸರಿ" ಒತ್ತಿದ ಮೇಲೇ ಸೇವ್ ಆಗಬೇಕು. ಮೂಲ ಧ್ವನಿಯೂ ಫೋನಿನಲ್ಲಿ ಉಳಿಯಲಿ.

ಬಟನ್‌ಗಳನ್ನು ತೆಗೆಸಬೇಡಿ. ಗುಜರಾತಿನಲ್ಲಿ ಫೋನ್ ಮೂಲಕ ಕೃಷಿ ಮಾಹಿತಿ ಕೊಡುವ ವ್ಯವಸ್ಥೆಯ ಬಗ್ಗೆ 2009ರಲ್ಲಿ ಒಂದು ಅಧ್ಯಯನ ಪ್ರಕಟವಾಗಿತ್ತು. ಅದರಲ್ಲಿ ಮಾತಾಡಿ ಆರಿಸಿದವರಿಗಿಂತ ಅಂಕಿ ಒತ್ತಿ ಆರಿಸಿದವರೇ ಹೆಚ್ಚು ಕೆಲಸ ಪೂರೈಸಿದ್ದರು. ತಂತ್ರಜ್ಞಾನ ಆಗಿನಿಂದ ಬಹಳ ಮುಂದೆ ಬಂದಿದೆ, ನಿಜ. ಆದರೂ ಮಾತು ಕೈಕೊಟ್ಟಾಗ ಬೆರಳಿಗೆ ಒಂದು ದಾರಿ ಇರಲೇಬೇಕು.

ಹಣ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಹೆಂಗಸರು, ವಯಸ್ಸಾದವರು ಸೇರಿ ಹತ್ತು ಸದಸ್ಯರನ್ನು ಹೊಲಕ್ಕೆ ಕರೀರಿ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ಪಕ್ಕದಲ್ಲಿ ಟಿಲ್ಲರ್ ಓಡ್ತಿರಲಿ. ಪ್ರತಿಯೊಬ್ಬರೂ ತಮ್ಮ ಮಾತಿನಲ್ಲೇ ಐದು ದಾಖಲೆ ಹೇಳಲಿ. ಐವತ್ತರಲ್ಲಿ ಎಷ್ಟು ಸರಿ ಬಂತು ಅಂತ ಎಣಿಸಿ, ಆಮೇಲೆ ಒಪ್ಪಂದಕ್ಕೆ ಸಹಿ ಹಾಕಿ.