ಮೊಂಟೋಯನ ಹಳದಿ ಪಟ್ಟಿ

ಹೊಸದಾಗಿ ಕಾರು ಕಲಿಯುವವರು ಗಾಡಿಯ ಹಿಂದೆ ಮುಂದೆ ಕೆಂಪು ‘ಎಲ್’ ಬೋರ್ಡ್ ಅಂಟಿಸಿಕೊಂಡು ಹೋಗುವುದನ್ನು ನೀವೆಲ್ಲ ನೋಡಿದ್ದೀರಿ. ಅಮೆರಿಕದ ನಾಸ್ಕಾರ್ ಎಂಬ ಕಾರ್ ರೇಸಿನಲ್ಲೂ ಇಂಥದೊಂದು ಪದ್ಧತಿಯಿದೆ. ಮೊದಲ ವರ್ಷದ ಚಾಲಕನ ಕಾರಿನ ಹಿಂದಿನ ಬಂಪರಿಗೆ ಹಳದಿ ಪಟ್ಟಿ ಹಾಕುತ್ತಾರೆ. ‘ಇವನು ಹೊಸಬ, ಹಿಂದೆ ಬರುವವರು ಸ್ವಲ್ಪ ನೋಡಿಕೊಂಡು ಬನ್ನಿ’ ಎಂದು ಅದರ ಅರ್ಥ.

2007ರಲ್ಲಿ ಹಾಗೆ ಹಳದಿ ಪಟ್ಟಿ ಹಾಕಿಸಿಕೊಂಡು ಓಡಿದ ಕಾರುಗಳಲ್ಲಿ 42ನೇ ನಂಬರಿನದೂ ಒಂದು. ಒಳಗೆ ಕೂತಿದ್ದವನು ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಹುವಾನ್ ಪಾಬ್ಲೊ ಮೊಂಟೋಯ. ವಯಸ್ಸು 31. ಆ ವೇಳೆಗಾಗಲೇ ಅವನು ಫಾರ್ಮುಲಾ ಒನ್‌ನಲ್ಲಿ ಏಳು ರೇಸು ಗೆದ್ದಿದ್ದ, ಮೊನಾಕೊ ಊರಿನ ಇಕ್ಕಟ್ಟಾದ ಬೀದಿಗಳ ರೇಸೂ ಸೇರಿ. ಅದಕ್ಕೂ ಮೊದಲು, 2000ದಲ್ಲಿ, ಇಂಡಿಯಾನಾಪೊಲಿಸ್‌ನ ಪ್ರಖ್ಯಾತ 500 ಮೈಲಿ ರೇಸಿನಲ್ಲಿ ಮೊದಲ ಸಲ ಓಡಿ ಮೊದಲ ಸಲವೇ ಗೆದ್ದಿದ್ದ. ಆ ದಿನ 200 ಸುತ್ತುಗಳಲ್ಲಿ 167 ಸುತ್ತು ಅವನೇ ಮುಂದಿದ್ದ. ಇಂಥವನ ಬೆನ್ನಿಗೆ ಹೊಸಬನ ಪಟ್ಟಿ!

ಆದದ್ದು ಹೀಗೆ. 2006ರ ಜುಲೈ 2ರಂದು ಅದೇ ಇಂಡಿಯಾನಾಪೊಲಿಸ್‌ನಲ್ಲಿ ಫಾರ್ಮುಲಾ ಒನ್ ರೇಸು. ಮೊದಲ ತಿರುವುಗಳಲ್ಲೇ ಮೊಂಟೋಯನ ಕಾರು ತನ್ನದೇ ತಂಡದ ಕಿಮಿ ರೈಕೋನೆನ್ ಕಾರಿಗೆ ತಾಗಿ ದೊಡ್ಡ ಅಪಘಾತವಾಯಿತು. ತಂಡದವರ ಜೊತೆ ಮೊದಲೇ ಅಷ್ಟಕ್ಕಷ್ಟೆ. ಒಂದೇ ವಾರದಲ್ಲಿ ಮೊಂಟೋಯ ಫಾರ್ಮುಲಾ ಒನ್ ಬಿಟ್ಟು ನಾಸ್ಕಾರ್‌ಗೆ ಹೋಗುವುದಾಗಿ ಹೇಳಿಬಿಟ್ಟ. ಕರೆದವನು ಚಿಪ್ ಗನಾಸಿ. ಇಂಡಿಯಾನಾಪೊಲಿಸ್ ಗೆದ್ದಾಗ ಮೊಂಟೋಯ ಇದ್ದದ್ದು ಇದೇ ಗನಾಸಿಯ ತಂಡದಲ್ಲಿ.

ಎರಡೂ ಕಾರ್ ರೇಸೇ ತಾನೇ, ಅದರಲ್ಲೇನು ಎಂದು ನೀವು ಕೇಳಬಹುದು. ನನ್ನ ಮೊಮ್ಮಗನೂ ಕೇಳಿದ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಫಾರ್ಮುಲಾ ಒನ್ ಕಾರಿನ ನಾಲ್ಕೂ ಚಕ್ರ ಮೈಯಿಂದ ಹೊರಗೆ ಚಾಚಿಕೊಂಡಿರುತ್ತವೆ, ಮೇಲೆ ಮಡ್‌ಗಾರ್ಡ್ ಇಲ್ಲ. ಆಗಿನ ನಿಯಮದಂತೆ ಚಾಲಕನನ್ನೂ ಸೇರಿಸಿ ಕನಿಷ್ಠ ತೂಕ 600 ಕಿಲೊ. ಅಂದರೆ ಹಗುರ, ಚುರುಕು. ಬ್ರೇಕ್ ಒತ್ತಿದರೆ ಗೋಡೆಗೆ ಗುದ್ದಿದ ಹಾಗೆ ನಿಲ್ಲುತ್ತದೆ. ಗೇರ್ ಬದಲಿಸಲು ಸ್ಟಿಯರಿಂಗ್ ಹಿಂದಿನ ಪಟ್ಟಿಯನ್ನು ಬೆರಳಲ್ಲಿ ಎಳೆದರೆ ಸಾಕು.

ನಾಸ್ಕಾರ್‌ನದು ಸ್ಟಾಕ್ ಕಾರು. ಅಂಗಡಿಯವರು ‘ಸ್ಟಾಕ್ ಇದೆ’ ಎನ್ನುತ್ತಾರಲ್ಲ, ಅದೇ ಸ್ಟಾಕ್. 1948ರಲ್ಲಿ ಬಿಲ್ ಫ್ರಾನ್ಸ್ ಎಂಬಾತ ಈ ಸಂಸ್ಥೆ ಕಟ್ಟಿದ ಕಾಲದಲ್ಲಿ, ಮಾರಾಟಕ್ಕಿರುವಂಥ ಕಾರನ್ನೇ ರೇಸಿಗೆ ಇಳಿಸಬೇಕು ಎಂಬುದು ಯೋಚನೆ. ಈಗ ಹೆಸರು ಮಾತ್ರ ಉಳಿದಿದೆ. ಹೆಡ್‌ಲೈಟ್ ಕೂಡ ನಿಜವಾದದ್ದಲ್ಲ, ಚಿತ್ರದ ಸ್ಟಿಕ್ಕರು! ಬಾಗಿಲು ತೆರೆಯುವುದಿಲ್ಲ, ಕಿಟಕಿಯಿಂದ ತೂರಿಕೊಂಡು ಒಳಗೆ ಇಳಿಯಬೇಕು. ತೂಕ ಒಂದೂವರೆ ಟನ್ನಿಗೂ ಹೆಚ್ಚು, ಅಂದರೆ ಅಜ್ಜಂದಿರಿಗೆ ಗೊತ್ತಿರುವ ಅಂಬಾಸಿಡರ್‌ಗಿಂತಲೂ ಭಾರ. ಮೊಂಟೋಯ ಹೋದ ಕಾಲಕ್ಕೆ ಅದರಲ್ಲಿ ಕಾರ್ಬುರೇಟರ್ ಇತ್ತು, ಕೈಯಿಂದ ಹಾಕುವ ನಾಲ್ಕು ಗೇರು, ಒಂದೊಂದು ಚಕ್ರಕ್ಕೆ ಐದೈದು ನಟ್ಟು. ಒಳಗಿನ ಸೆಕೆ 50 ಡಿಗ್ರಿ ಮುಟ್ಟುತ್ತದೆ. ಫಾರ್ಮುಲಾ ಒನ್ ರೇಸು ಎರಡು ಗಂಟೆಯೊಳಗೆ ಮುಗಿಯುವಂಥದು. ಇಲ್ಲಿ ಮೂರು, ನಾಲ್ಕು ಗಂಟೆ. ಅಲ್ಲಿ ಆ ವರ್ಷ 18 ರೇಸಿದ್ದರೆ ಇಲ್ಲಿ 36.

ನನಗೆ ಹೆಚ್ಚು ಸೋಜಿಗವೆನಿಸಿದ್ದು ಮಾತಿನ ವಿಷಯ. ಫಾರ್ಮುಲಾ ಒನ್ ಕಾರು ಓಡುತ್ತಿರುವಾಗಲೇ ಅದರ ಒಳಗಿನ ಸಮಾಚಾರವೆಲ್ಲ ತಂತಿಯಿಲ್ಲದೆ ಎಂಜಿನಿಯರ್‌ಗಳ ಕಂಪ್ಯೂಟರಿಗೆ ಬರುತ್ತದೆ. ಚಾಲಕ ಹೇಳುವ ಮೊದಲೇ ಅವರಿಗೆ ಗೊತ್ತು. ನಾಸ್ಕಾರ್ ರೇಸಿನಲ್ಲಿ ಆಗ ಅದಕ್ಕೆ ಅನುಮತಿ ಇರಲಿಲ್ಲ. ಕಾರಿಗೆ ಏನಾಗಿದೆ ಎಂದು ಚಾಲಕನೇ ಬಾಯಿಬಿಟ್ಟು ಹೇಳಬೇಕು. ತಿರುವಿನಲ್ಲಿ ಹಿಂಭಾಗ ಜಾರಿದರೆ ‘ಲೂಸ್’ ಎನ್ನಬೇಕು. ಮೂತಿ ತಿರುಗದೆ ಗೋಡೆಯ ಕಡೆಗೆ ಹೋದರೆ ‘ಟೈಟ್’ ಎನ್ನಬೇಕು. ಎಷ್ಟು ಲೂಸು, ಯಾವ ತಿರುವಿನಲ್ಲಿ, ಒಳಹೋಗುವಾಗಲೋ ಹೊರಬರುವಾಗಲೋ? ವೈದ್ಯರ ಮುಂದೆ ಹೊಟ್ಟೆನೋವು ವಿವರಿಸಿದ ಹಾಗೆ ವಿವರಿಸಬೇಕು. ಅದನ್ನು ಕೇಳಿ ಪಿಟ್‌ನಲ್ಲಿರುವವರು ಹಿಂದಿನ ಗಾಜಿನ ಮೂಲಕ ಉದ್ದನೆಯ ಸ್ಪ್ಯಾನರ್ ತೂರಿಸಿ ಸ್ಪ್ರಿಂಗ್ ಮೇಲಿನ ಒತ್ತಡವನ್ನು ಒಂದು ಸುತ್ತು ಹೆಚ್ಚೋ ಕಡಿಮೆಯೋ ಮಾಡುತ್ತಾರೆ. ಇದಲ್ಲದೆ ಪ್ರತಿಯೊಬ್ಬ ಚಾಲಕನಿಗೂ ಎತ್ತರದಲ್ಲಿ ನಿಂತು ರೇಡಿಯೊದಲ್ಲಿ ದಾರಿ ಹೇಳುವ ಒಬ್ಬ ‘ಸ್ಪಾಟರ್’ ಇರುತ್ತಾನೆ. ಪಕ್ಕದಲ್ಲಿ ಕಾರಿದೆಯೇ ಇಲ್ಲವೇ ಎಂಬುದಕ್ಕೆ ತನ್ನ ಕಣ್ಣಿಗಿಂತ ಅವನ ಮಾತನ್ನೇ ನಂಬಬೇಕು.

ನಮ್ಮ ಶಾಖೆಗೆ ಕಂಪ್ಯೂಟರ್ ಬಂದಾಗ, ಮೂವತ್ತು ವರ್ಷ ಲೆಡ್ಜರ್ ಬರೆದ ಹಿರಿಯರು ಇಪ್ಪತ್ತೆರಡರ ಹುಡುಗನ ಪಕ್ಕ ಕೂತು ಮೌಸ್ ಹಿಡಿಯುವುದನ್ನು ಕಲಿತರು. ಕೂಡುವ ಲೆಕ್ಕದಲ್ಲಿ ಅವರನ್ನು ಮೀರಿಸುವವರು ಜಿಲ್ಲೆಯಲ್ಲೇ ಇರಲಿಲ್ಲ. ಆ ಹುಡುಗ ‘ಸಾರ್, ಎರಡು ಸಲ ಒತ್ತಿ’ ಎಂದಾಗ ಅವರ ಮುಖ ಹೇಗಾಗುತ್ತಿತ್ತು ಎಂಬುದು ಈ ಅಂಕಣ ಓದುವ ಅಜ್ಜ ಅಜ್ಜಿಯರಲ್ಲಿ ಹಲವರಿಗೆ ಗೊತ್ತು.

ಮೊಂಟೋಯ ಎದುರಾಳಿಯನ್ನು ಮುಟ್ಟುವುದನ್ನೂ ಕಲಿಯಬೇಕಿತ್ತು. ಹೊರಗೆ ಚಾಚಿದ ಚಕ್ರ ಚಕ್ರಕ್ಕೆ ತಾಗಿದರೆ ಕಾರು ಗಾಳಿಗೆ ಹಾರುತ್ತದೆ. ಹಾಗಾಗಿ ಅಲ್ಲಿ ದೂರವಿದ್ದೇ ಹೋರಾಡಬೇಕು. ಸ್ಟಾಕ್ ಕಾರಿನಲ್ಲಿ ಬಂಪರಿಗೆ ಬಂಪರ್ ತಾಗಿಸಿ ದೂಡುವುದು ಮಾಮೂಲು. ಈ ಪಾಠವನ್ನು ಅವನು ಬೇಗ ಕಲಿತ, ಸ್ವಲ್ಪ ಹೆಚ್ಚೇ ಬೇಗ. 2007ರ ಮಾರ್ಚಿನಲ್ಲಿ ಮೆಕ್ಸಿಕೊ ನಗರದಲ್ಲಿ ಎರಡನೇ ದರ್ಜೆಯ ಒಂದು ರೇಸು. ಮುಂದಿದ್ದವನು ತನ್ನದೇ ತಂಡದ ಸ್ಕಾಟ್ ಪ್ರೂಯೆಟ್. ಕೊನೆಯ ಸುತ್ತುಗಳಲ್ಲಿ ಮೊಂಟೋಯ ಅವನಿಗೇ ತಾಗಿಸಿ, ತಿರುಗಿಸಿ, ತಾನು ಗೆದ್ದ. ಪ್ರೂಯೆಟ್ ಕೆಂಡವಾದದ್ದರಲ್ಲಿ ತಪ್ಪೇನಿಲ್ಲ. ಈ ಗೆಲುವು ನನಗಂತೂ ಹಿಡಿಸಲಿಲ್ಲ.

ಹಿಡಿಸಿದ್ದು ಜೂನಿನ ಗೆಲುವು. ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ 32ನೇ ಸ್ಥಾನದಿಂದ ಹೊರಟ ಮೊಂಟೋಯ, ಪೆಟ್ರೋಲನ್ನು ಹನಿಹನಿಯಾಗಿ ಉಳಿಸಿಕೊಂಡು ಮೊದಲಿಗನಾಗಿ ಬಂದ. ಹೊರದೇಶದವನೊಬ್ಬ ನಾಸ್ಕಾರ್‌ನ ಮೇಲಿನ ದರ್ಜೆಯಲ್ಲಿ ಗೆದ್ದು ಆಗ 33 ವರ್ಷಗಳಾಗಿದ್ದವು. 1974ರಲ್ಲಿ ಕೆನಡಾದ ಅರ್ಲ್ ರಾಸ್ ಗೆದ್ದಿದ್ದೇ ಕೊನೆ. ಆ ವರ್ಷದ ಅತ್ಯುತ್ತಮ ಹೊಸಬ ಎಂಬ ಪ್ರಶಸ್ತಿಯೂ ಮೊಂಟೋಯನಿಗೇ ಬಂತು. ಆದರೆ ಸೊನೋಮಾ ಎಡಕ್ಕೂ ಬಲಕ್ಕೂ ತಿರುಗುವ ರಸ್ತೆ, ಫಾರ್ಮುಲಾ ಒನ್‌ನವನಿಗೆ ತವರುಮನೆಯಿದ್ದ ಹಾಗೆ. ನಾಸ್ಕಾರ್‌ನ ಬಹುಪಾಲು ರೇಸು ನಡೆಯುವುದು ಮೊಟ್ಟೆಯಾಕಾರದ ದಾರಿಯಲ್ಲಿ, ಎಡಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ. ಅಲ್ಲಿ ಗೆಲ್ಲದೆ ಅವರು ನಿಮ್ಮನ್ನು ತಮ್ಮವನೆಂದು ಒಪ್ಪುವುದಿಲ್ಲ.

ಆ ಗೆಲುವು ಕೈಗೆ ಬಂದಿತ್ತು, 2009ರ ಜುಲೈನಲ್ಲಿ. ಊರು ಮತ್ತೆ ಇಂಡಿಯಾನಾಪೊಲಿಸ್. 160 ಸುತ್ತಿನ ರೇಸು. ಮೊಂಟೋಯನ ಕಾರನ್ನು ಹಿಡಿಯುವವರೇ ಇರಲಿಲ್ಲ. 116 ಸುತ್ತು ಅವನೇ ಮುಂದು. ಇನ್ನು 35 ಸುತ್ತು ಇದೆ ಎನ್ನುವಾಗ ಪೆಟ್ರೋಲಿಗೂ ಟೈರಿಗೂ ಪಿಟ್‌ಗೆ ಬಂದ.

ಪಿಟ್‌ನ ಓಣಿಯಲ್ಲಿ ಜನ ಓಡಾಡುತ್ತಿರುತ್ತಾರೆ, ಆದ್ದರಿಂದ ವೇಗಕ್ಕೆ ಮಿತಿ. ಅಲ್ಲಿ ಗಂಟೆಗೆ 55 ಮೈಲಿ, ಮೇಲೆ 5 ಮೈಲಿ ರಿಯಾಯಿತಿ. ಫಾರ್ಮುಲಾ ಒನ್ ಕಾರಿನಲ್ಲಾದರೆ ಇದಕ್ಕೆಂದೇ ಒಂದು ಗುಂಡಿ ಇದೆ. ಒತ್ತಿದರೆ ಕಾರು ತಾನೇ ಮಿತಿಯಲ್ಲಿ ಓಡುತ್ತದೆ. ನಾಸ್ಕಾರ್ ಕಾರಿನಲ್ಲಿ ಆ ಗುಂಡಿ ಇರಲಿಲ್ಲ. ಅಷ್ಟೇ ಅಲ್ಲ, ಮಕ್ಕಳೇ, ನಿಮ್ಮ ಅಪ್ಪನ ಸ್ಕೂಟರಿನಲ್ಲಿ ಇರುವ ಸ್ಪೀಡೋಮೀಟರ್ ಕೂಡ ಇರಲಿಲ್ಲ! ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮೀಟರ್ ಮಾತ್ರ. ರೇಸು ಶುರುವಾಗುವ ಮೊದಲು ಮುಂದೆ ಹೋಗುವ ಅಧಿಕೃತ ಕಾರು ಸರಿಯಾಗಿ ಪಿಟ್ ವೇಗದಲ್ಲಿ ಓಡಿ ತೋರಿಸುತ್ತದೆ. ಆಗ ಮುಳ್ಳು ಎಲ್ಲಿದೆ ಎಂದು ಚಾಲಕ ನೋಡಿಟ್ಟುಕೊಳ್ಳಬೇಕು, ಆಮೇಲೆ ಪ್ರತಿ ಸಲವೂ ಅಲ್ಲೇ ಹಿಡಿಯಬೇಕು. ಅಧಿಕಾರಿಗಳು ಓಣಿಯನ್ನು ತುಂಡು ತುಂಡಾಗಿ ಭಾಗ ಮಾಡಿ, ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಎಷ್ಟು ಹೊತ್ತಾಯಿತು ಎಂದು ಅಳೆಯುತ್ತಾರೆ. ದೂರ ಭಾಗಿಸು ಕಾಲ. ನಿಮ್ಮ ಶಾಲೆಯ ಲೆಕ್ಕವೇ.

ಮೊಂಟೋಯನ ಲೆಕ್ಕ 60ನ್ನು ಕೂದಲೆಳೆಯಷ್ಟು ದಾಟಿತ್ತು. ಶಿಕ್ಷೆಯಾಗಿ ಮತ್ತೊಮ್ಮೆ ಆ ಓಣಿಯಲ್ಲಿ ನಿಧಾನವಾಗಿ ಹಾದುಹೋಗಬೇಕೆಂದು ಆಜ್ಞೆಯಾಯಿತು. ‘ನಾನು ಮೀರಿಲ್ಲ’ ಎಂದು ಅವನು ರೇಡಿಯೊದಲ್ಲಿ ಹೆಂಡತಿ ಮಕ್ಕಳ ಮೇಲೆ ಆಣೆ ಹಾಕಿದ. ಆಣೆಗೆ ಅಳತೆಯ ಮುಂದೆ ಬೆಲೆಯಿಲ್ಲ. ಮುಗಿದಾಗ ಅವನು 11ನೆಯವನು. ಗೆದ್ದವನು ಜಿಮ್ಮಿ ಜಾನ್ಸನ್. ಸಂಜೆ ಲೆಕ್ಕ ಹತ್ತು ಪೈಸೆ ತಾಳೆಯಾಗದಿದ್ದರೆ ಮನೆಗೆ ಹೋಗಲು ಬಿಡದಿದ್ದ ಕೆಲಸದಲ್ಲಿ ಇದ್ದವನು ನಾನು. ನಿಯಮ ನಿಯಮವೇ ಎನ್ನುತ್ತೇನೆ. ಆದರೂ ಆ ರೇಸು ನೆನೆದರೆ ಹೊಟ್ಟೆ ಚುರುಕ್ಕೆನ್ನುತ್ತದೆ. ಆ ವರ್ಷ ಪಟ್ಟಿಯಲ್ಲಿ ಎಂಟನೆಯವನಾದ, ಅದೇ ಅವನ ನಾಸ್ಕಾರ್‌ನ ಒಳ್ಳೆಯ ವರ್ಷ. ಮರುವರ್ಷ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಇನ್ನೊಂದು ಗೆಲುವು ಬಂತು, ಅದೂ ಎಡಬಲ ತಿರುಗುವ ದಾರಿಯಲ್ಲೇ. ಮೊಟ್ಟೆಯಾಕಾರದ ದಾರಿಯಲ್ಲಿ ಗೆಲುವು ಬರಲೇ ಇಲ್ಲ.

ನಮ್ಮ ದೇಶದವನೊಬ್ಬನೂ ಈ ದಾರಿ ಹಿಡಿದಿದ್ದ. ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ, ಕೊಯಮತ್ತೂರಿನ ನರೇನ್ ಕಾರ್ತಿಕೇಯನ್, 2010ರಲ್ಲಿ ನಾಸ್ಕಾರ್‌ನ ಟ್ರಕ್ ಸರಣಿಗೆ ಹೋದ. ಟ್ರಕ್ ಎಂದರೆ ಲಾರಿಯಲ್ಲ, ಪಿಕಪ್ ಗಾಡಿ. ಮಾರ್ಟಿನ್ಸ್‌ವಿಲ್‌ನ ಮೊದಲ ರೇಸಿನಲ್ಲೇ 13ನೆಯವನಾಗಿ ಮುಗಿಸಿದ. ಆ ವರ್ಷ ಆ ಸರಣಿಯ ಅತ್ಯಂತ ಜನಪ್ರಿಯ ಚಾಲಕ ಎಂದು ಅಭಿಮಾನಿಗಳು ಮತ ಹಾಕಿ ಆರಿಸಿದ್ದು ಅವನನ್ನೇ.

ಮೊಂಟೋಯನ ಹೆಸರು ಕೇಳಿದರೆ ಅಮೆರಿಕದವರಿಗೆ ನೆನಪಾಗುವುದು ಮಾತ್ರ ಬೇರೆಯದೇ ಒಂದು ರಾತ್ರಿ. 2012ರ ಡೇಟೋನಾ 500 ರೇಸು ಮಳೆಯಿಂದಾಗಿ ಮೊದಲ ಬಾರಿಗೆ ಸೋಮವಾರಕ್ಕೆ ಹೋಗಿತ್ತು. 200 ಸುತ್ತಿನಲ್ಲಿ 160 ಆಗಿತ್ತು; ಎಲ್ಲರೂ ಎಚ್ಚರಿಕೆಯ ಹಳದಿ ಬಾವುಟದಡಿ ನಿಧಾನವಾಗಿ ಸಾಗುತ್ತಿದ್ದರು. ಹಿಂದುಳಿದಿದ್ದ ಮೊಂಟೋಯ ಸಾಲನ್ನು ಸೇರಿಕೊಳ್ಳಲು ಬರುವಾಗ ಕಾರಿನ ಹಿಂಭಾಗದಲ್ಲೇನೋ ಮುರಿಯಿತು. ಕಾರು ಜಾರಿ, ದಾರಿ ಒಣಗಿಸುವ ವಾಹನಕ್ಕೆ ಗುದ್ದಿತು. ಆ ವಾಹನದ ಮೇಲಿದ್ದದ್ದು ವಿಮಾನದ ಎಂಜಿನ್, ಜೊತೆಗೆ ಅದರ ಇಂಧನ! ದಾರಿಗೇ ಬೆಂಕಿ ಬಿತ್ತು. ಮೊಂಟೋಯ ಕುಂಟುತ್ತ ಹೊರಬಂದ, ಆ ವಾಹನದ ಚಾಲಕನೂ ಬದುಕಿದ. ಜಿಡ್ಡಾದ ದಾರಿಯನ್ನು ಕೆಲಸದವರು ಬಟ್ಟೆ ಒಗೆಯುವ ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದರು, ಎರಡು ಗಂಟೆ ತಡವಾಗಿ ರೇಸು ಮುಂದುವರಿಯಿತು.

2013ರ ಕೊನೆಗೆ ಗನಾಸಿ ಅವನ ಒಪ್ಪಂದ ಮುಂದುವರಿಸಲಿಲ್ಲ. ಏಳು ಪೂರ್ತಿ ವರ್ಷ, ಎರಡು ಗೆಲುವು. ಹೊರಗೆ ಚಾಚಿದ ಚಕ್ರದ ಇಂಡಿಕಾರ್‌ಗೆ ಮರಳಿದಾಗ, ಮುಗಿಯಿತು ಇವನ ಕಥೆ ಎಂದವರು ಬಹಳ. 2015ರ ಮೇ 24, ಇಂಡಿಯಾನಾಪೊಲಿಸ್ 500. ಶುರುವಿನಲ್ಲೇ ಹಿಂದಿನಿಂದ ಒಂದು ಕಾರು ತಾಗಿ ಮೊಂಟೋಯ 30ನೇ ಸ್ಥಾನಕ್ಕೆ ಕುಸಿದ. ಅಲ್ಲಿಂದ ಒಬ್ಬೊಬ್ಬರನ್ನೇ ದಾಟಿ, ಕೊನೆಯ ಸುತ್ತುಗಳಲ್ಲಿ ತನ್ನದೇ ತಂಡದ ವಿಲ್ ಪವರ್ ಜೊತೆ ಸೆಣಸಿ, ಒಂದು ಸೆಕೆಂಡಿನ ಹತ್ತನೇ ಒಂದು ಭಾಗದ ಅಂತರದಲ್ಲಿ ಗೆದ್ದ. ಈ ಸಲ ಯಾರಿಗೂ ತಾಗಿಸಲಿಲ್ಲ. ಅವನ ಮೊದಲ ಇಂಡಿಯಾನಾಪೊಲಿಸ್ ಗೆಲುವಿಗೂ ಇದಕ್ಕೂ ನಡುವೆ 15 ವರ್ಷ. ಅಲ್ಲಿ ಎರಡು ಗೆಲುವುಗಳ ನಡುವೆ ಅಷ್ಟು ಅಂತರ ಬೇರೆ ಯಾರಿಗೂ ಇರಲಿಲ್ಲ.

2024ರ ಸೆಪ್ಟೆಂಬರಿನಲ್ಲಿ, 49 ತುಂಬಲು ಕೆಲವೇ ದಿನವಿದ್ದಾಗ, ಮೊಂಟೋಯ ಒಂದೇ ಒಂದು ರೇಸಿಗಾಗಿ ಮತ್ತೆ ನಾಸ್ಕಾರ್ ಕಾರು ಹತ್ತಿದ, ಅದೇ ವಾಟ್ಕಿನ್ಸ್ ಗ್ಲೆನ್‌ನಲ್ಲಿ. ಅಷ್ಟರಲ್ಲಿ ಕಾರೇ ಬದಲಾಗಿತ್ತು. ಹಳೆಯ ನಾಲ್ಕು ಗೇರಿನ ಪೆಟ್ಟಿಗೆ ಹೋಗಿ, ಮುಂದಕ್ಕೆ ಹಿಂದಕ್ಕೆ ತಳ್ಳಿದರೆ ಒಂದೊಂದಾಗಿ ಬದಲಾಗುವ ಗೇರು ಬಂದಿತ್ತು. ಚಕ್ರಕ್ಕೆ ಐದು ನಟ್ಟಿನ ಬದಲು, ಫಾರ್ಮುಲಾ ಒನ್‌ನಲ್ಲಿ ಇದ್ದ ಹಾಗೆ, ನಡುವೆ ಒಂದೇ ನಟ್ಟು.